ಅವರು ಓದಿದ ಮನವಿ

ನನ್ನ ಕೈಬರಹವನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಗಳಿದವರಿಗೆ ಕಾರಣ ಗೊತ್ತಿರುವುದಿಲ್ಲ. ಮೇಷ್ಟ್ರಿಗೆ ವಯಸ್ಸಾಯಿತು, ಸಿಡುಕು ಹೆಚ್ಚಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ವಯಸ್ಸಾಗುವುದಕ್ಕೆ ಮುಂಚೆಯೂ ನಾನು ಸಿಡುಕನೇ. ಆದರೆ ಈ ಒಂದು ವಿಷಯದಲ್ಲಿ ನನ್ನ ಸಿಡುಕು ಇರುವುದು ನನ್ನ ಮೇಲೆಯೇ.

ಕೊಳ್ಳೇಗಾಲದ ನೇಕಾರರ ಬೀದಿ ನಮ್ಮದು. ಅಲ್ಲಿ ಒಂದು ಪದ್ಧತಿ ಇತ್ತು. ಬೀದಿಗೆ ಬಂದ ಕಾಗದವಾಗಲಿ, ಬೀದಿಯಿಂದ ಹೋಗುವ ಕಾಗದವಾಗಲಿ, ಭಜನೆಮನೆಯ ಜಗುಲಿಯ ಮೇಲೆ ನಿಂತು ಗಟ್ಟಿಯಾಗಿ ಓದಬೇಕು. ಲಗ್ನಪತ್ರಿಕೆ, ಸಾವಿನ ಸುದ್ದಿ, ಸರ್ಕಾರದ ನೋಟೀಸು, ಯಾವುದಾದರೂ ಸರಿ. ಓದುವುದು ಭಜನೆ ಹೇಳಿಕೊಡುವವರ ಕೆಲಸ. ಮನೆಮನೆಯಲ್ಲೂ ಮಗ್ಗ ಆಡುತ್ತಿದ್ದ ಬೀದಿ ಅದು. ಆ ಸದ್ದನ್ನು ದಾಟಿ ಕೊನೆಯ ಮನೆಗೂ ಕೇಳಿಸುವ ಗಂಟಲು ಅವರೊಬ್ಬರಿಗೇ ಇದ್ದದ್ದು. ಅವರು ಓದಿದ್ದೆಲ್ಲ ಅವರದೇ ಮಾತು ಎಂದು ನಮ್ಮಲ್ಲಿ ಯಾರೂ ತಿಳಿದವರಲ್ಲ. ಸಾವಿನ ಕಾಗದ ಓದಿದವರನ್ನು ಕೊಂದವರು ಎನ್ನುತ್ತೇವೆಯೇ?

ಅವರನ್ನು ನಾನು ದೊಡ್ಡಪ್ಪ ಎನ್ನುತ್ತಿದ್ದೆ. ರಕ್ತಸಂಬಂಧವಿರಲಿಲ್ಲ. ಎದುರುಮನೆಯವರು, ಅಪ್ಪನ ಜೊತೆಗಾರರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು, ಲಾಳಿ ಅತ್ತಿತ್ತ ಓಡುವ ಲಯಕ್ಕೇ ಪದ ಹೇಳುತ್ತಿದ್ದರು. ಕನ್ನಡದ ಪದ ಮುಗಿದರೆ ತಮಿಳಿನದು, ಅದು ಮುಗಿದರೆ ಮತ್ತೆ ಕನ್ನಡದ್ದು. ಹನೂರಿನ ಭಜನೆಗೂ ಯಳಂದೂರಿನ ಮದುವೆಗಳಿಗೂ ಅವರನ್ನು ಕರೆಸಿಕೊಳ್ಳುತ್ತಿದ್ದರು. ಕಾಮಗೆರೆಯ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ, ಅದು ಸರಿಯಾಗುವವರೆಗೂ ಪ್ರಯಾಣಿಕರು ಇವರಿಂದ ಹಾಡಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಐವತ್ತಾರನೇ ಇಸವಿಯಲ್ಲಿ ನಾವಿನ್ನೂ ಮದರಾಸಿಗೆ ಸೇರಿದವರು. ಬಸ್ಸಿನಲ್ಲಿ ಕೂತು ಏಳುವಷ್ಟರಲ್ಲಿ ಸಿಗುವ ಯಳಂದೂರು ಆಗಲೇ ಮೈಸೂರು. ನವೆಂಬರಿಗೆ ನಮ್ಮನ್ನೂ ಮೈಸೂರಿಗೆ ಸೇರಿಸುತ್ತಾರೆಂಬ ಸುದ್ದಿ ಬಂದಾಗ ಊರಿಗೆ ಊರೇ ಸಂಭ್ರಮಪಟ್ಟಿತು, ನಮ್ಮ ಬೀದಿ ಮಾತ್ರ ಹೆದರಿತು. ರೇಷ್ಮೆ, ಜರಿ ಬರುತ್ತಿದ್ದುದು ಮದರಾಸಿನ ಕಡೆಯಿಂದ, ಸೀರೆ ಹೋಗುತ್ತಿದ್ದುದೂ ಆ ಕಡೆಗೇ. ರಾಜ್ಯ ಬದಲಾದರೆ ವ್ಯಾಪಾರಿಗಳು ಕೈಬಿಡುತ್ತಾರೆ, ಮಗ್ಗ ನಿಲ್ಲುತ್ತದೆ ಎಂದು ಹಿರಿಯರ ಲೆಕ್ಕಾಚಾರ. ಕನ್ನಡದ ಮೇಲೆ ಯಾರಿಗೂ ಕೋಪವಿರಲಿಲ್ಲ. ನಾವು ಇದ್ದಲ್ಲೇ ಇರುತ್ತೇವೆ ಎಂದು ಕೇಳುವ ಮನವಿಯನ್ನು ಬರೆಸಿದ್ದು ಕನ್ನಡದಲ್ಲೇ.

ಬರೆದವನು ನಾನು. ಆಗತಾನೆ ಮೇಷ್ಟ್ರ ತರಬೇತಿ ಮುಗಿಸಿದ್ದೆ. ಅಪ್ಪ ವಿಷಯ ಹೇಳಿದರು, ನಾನು ನೀಟಾಗಿ ಬರೆದೆ. ಬರೆಯುತ್ತಾ ಬರೆಯುತ್ತಾ ಹುರುಪು ಹತ್ತಿ ಯಾರೂ ಹೇಳದ ಒಂದು ಮಾತನ್ನು ಸೇರಿಸಿದೆ: ನಮ್ಮನ್ನು ಮೈಸೂರಿಗೆ ಸೇರಿಸುವುದೂ ಒಂದೇ, ಮಗ್ಗದ ಗುಂಡಿಯಲ್ಲಿ ನಮ್ಮನ್ನು ಕೂರಿಸಿ ಮಣ್ಣು ಮುಚ್ಚುವುದೂ ಒಂದೇ. ಅದನ್ನು ನಾಲ್ಕು ಸಲ ಓದಿಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮನವಿ ಕೇಳಲು ಅಧಿಕಾರಿ ಬರುವ ಹಿಂದಿನ ದಿನ ದೊಡ್ಡಪ್ಪ ಕಾಗದವನ್ನು ಗಟ್ಟಿಯಾಗಿ ಓದುತ್ತಾ ಬಂದು ಆ ಮಾತಿನ ಹತ್ತಿರ ನಿಂತರು.

"ಈ ಗುಂಡಿ ಮಾತು ಬೇಕೇನ್ಲಾ ಮಗ? ಬಿರುಸಾಯ್ತು. ನನ್ ಮಗ್ಳ ಕೊಡೋಕೆ ಒಂಟಿರೋದೇ ಮಾಂಬಳ್ಳಿಗೆ. ಅದು ಮೈಸೂರಲ್ವಾ?"

"ಇರ್ಲಿ ದೊಡ್ಡಪ್ಪ. ಆ ಮಾತಿದ್ರೇನೇ ಆಪೀಸರು ತಲೆ ಎತ್ತಿ ನೋಡೋದು."

ಅವರು ನಕ್ಕರು. "ಬೀದಿ ಒಪ್ಪುದ್ಮೇಲೆ ನಂದೇನು? ಓದ್ತೀನಿ ಬುಡು."

ಕೆಳಗೆ ಅಪ್ಪನ ಸಹಿ ಮೊದಲು, ಆಮೇಲೆ ಇಡೀ ಬೀದಿಯದು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ನಾನೂ ಪೆನ್ನು ಎತ್ತಿದಾಗ ಅಪ್ಪ ಕೈ ತಡೆದರು. "ನಿಂಗೆ ಸರ್ಕಾರಿ ಕೆಲ್ಸ ಆಗ್ಬೇಕು, ನೀ ಆಕ್ಬೇಡ" ಎಂದರು. ಹಾಕಲಿಲ್ಲ.

ಪ್ರವಾಸಿ ಮಂದಿರದ ಅಂಗಳದಲ್ಲಿ ಅಧಿಕಾರಿಯ ಮುಂದೆ ದೊಡ್ಡಪ್ಪ ಅದನ್ನು ಓದಿದರು. ಸಾವಿನ ಕಾಗದವನ್ನೂ ಲಗ್ನಪತ್ರಿಕೆಯನ್ನೂ ಹೇಗೆ ಓದುತ್ತಿದ್ದರೋ ಹಾಗೆಯೇ, ಪ್ರತಿ ಅಕ್ಷರಕ್ಕೂ ಅದರ ತೂಕ ಕೊಟ್ಟು. ಗುಂಡಿಯ ಮಾತು ಬಂದಾಗ ಕಾಂಪೌಂಡಿನ ಆಚೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು. ನಾನು ಗುಂಪಿನಲ್ಲಿ ನಿಂತು ಪುಳಕಗೊಂಡಿದ್ದೆ. ನಮ್ಮ ಬೀದಿಯೊಳಗಿನ ಪದ್ಧತಿ ಬೀದಿಯ ಆಚೆ ಯಾರಿಗೂ ಗೊತ್ತಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊರು ಕೇಳಿದ್ದು ಒಂದು ಬೀದಿಯ ಮಾತನ್ನಲ್ಲ, ಒಬ್ಬ ಮನುಷ್ಯನ ಮಾತನ್ನು.

ನವೆಂಬರ್ ಬಂತು, ನಾವು ಮೈಸೂರಿನವರಾದೆವು. ಮಗ್ಗ ನಿಲ್ಲಲಿಲ್ಲ, ವ್ಯಾಪಾರಿಗಳು ಮೊದಲಿನಂತೆಯೇ ಬಂದರು. ನಮ್ಮ ಹೆದರಿಕೆಯನ್ನು ನಾವೇ ಮರೆತೆವು. ಊರು ಮಾತ್ರ ಗುಂಡಿಯ ಮಾತನ್ನು ಮರೆಯಲಿಲ್ಲ. ದೊಡ್ಡಪ್ಪ ಪೇಟೆಗೆ ಹೋದರೆ "ಏನ್ ಸ್ವಾಮಿ, ಮಣ್ಣು ಮುಚ್ಚುದ್ರಾ?" ಎಂದು ಯಾರಾದರೂ ಕಿಚಾಯಿಸುವರು. ಅವರೂ ನಗುತ್ತಿದ್ದರು. ಬರೆದವನು ಇಂಥವನು ಎಂದು ಒಮ್ಮೆಯೂ ಹೇಳಲಿಲ್ಲ. ನನಗೆ ಕೆಲಸ ಸಿಕ್ಕಿತು. ಕನ್ನಡ ಪಾಠ ಹೇಳುವ ಕೆಲಸ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷ ಸ್ಕೂಲಿನ ಮೈದಾನದಲ್ಲಿ ದೊಡ್ಡ ಸಮಾರಂಭ ಮಾಡಬೇಕೆಂದು ಊರವರು ಒಂದು ಸಮಿತಿ ಕಟ್ಟಿದರು. ನಾನು ಅದರ ಕಾರ್ಯದರ್ಶಿ. ಹಾಡುವವರ ಪಟ್ಟಿಯಲ್ಲಿ ಮೊದಲು ದೊಡ್ಡಪ್ಪನ ಹೆಸರನ್ನು ಬರೆದವನೂ ನಾನೇ. ಆ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರು. ದೊಡ್ಡಪ್ಪನ ಮಗಳು ಮಾಂಬಳ್ಳಿಯಲ್ಲಿ ಮಕ್ಕಳೊಂದಿಗಳಾಗಿದ್ದಳು. "ನಾಡಿನ ಪದ ನೀವೇ ಏಳ್ಬೇಕು ದೊಡ್ಡಪ್ಪ" ಎಂದಾಗ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೆ. ಆ ಕಿಚಾಯಿಸುವಿಕೆ ಇನ್ನಾದರೂ ನಿಲ್ಲಲಿ ಎಂಬ ಆಸೆ ಅದು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಂದಿನಿಂದ ಬೆಳಗಾದರೆ ಅವರ ಮನೆಯಿಂದ ಆ ಒಂದೇ ಪದ ಕೇಳುತ್ತಿತ್ತು.

ಸಮಿತಿಯ ಸಭೆಯಲ್ಲಿ ಯಳಂದೂರು ಕಡೆಯ ಒಬ್ಬ ವಕೀಲರು ಪಟ್ಟಿ ನೋಡಿ ಕನ್ನಡಕ ತೆಗೆದರು. "ಇವ್ರೇ ಅಲ್ವಾ, ಮೈಸೂರಿಗೆ ಸೇರ್ಸೋದು ಮಣ್ಣು ಮುಚ್ಚೋದು ಒಂದೇ ಅಂದೋರು? ಇಂಥಾ ದಿವ್ಸ ಇಂಥೋರ್ನ ಸ್ಟೇಜ್ ಅತ್ತಿಸ್ತೀರಾ?" ಎಂದರು. ಅವರು ಕೆಟ್ಟವರಲ್ಲ. ಏಕೀಕರಣಕ್ಕಾಗಿ ಓಡಾಡಿ ಲಾಠಿ ಏಟು ತಿಂದವರು, ಅವರಿಗೆ ನೋವಾಗಿದ್ದು ನಿಜ. "ಅಳೇದೆಲ್ಲ ಈಗ್ಯಾಕ್ ಸಾ, ಗಂಟಲು ನೋಡಿ" ಎಂದರು ಹನೂರಿನ ಅಂಗಡಿಯವರೊಬ್ಬರು. "ಗಂಟಲಿಗೇನು, ಅವತ್ತೂ ಚೆನ್ನಾಗೇ ಇತ್ತು" ಎಂದರು ವಕೀಲರು. ಎಲ್ಲರೂ ನಕ್ಕರು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಅದೇ ಬೀದಿಯೋರು. ಅವ್ರು ಅಂಗಂದದ್ದು ನಿಜ್ವಾ?"

"ಓದಿದ್ದು ನಿಜ" ಎಂದೆ.

ಅಷ್ಟೇ. ಓದಿದ್ದು ನಿಜ ಎಂದು ಹೇಳಿ, ಬರೆದದ್ದು ಯಾರೆಂಬ ಮುಂದಿನ ಮಾತನ್ನು ನುಂಗಿಕೊಂಡೆ. ಕನ್ನಡ ಮೇಷ್ಟ್ರು ಎಂಬ ಮರ್ಯಾದೆ ಆ ಕೋಣೆಯಲ್ಲಿ ನನಗಿತ್ತು. ಅದನ್ನು ಕಳೆದುಕೊಳ್ಳಲು ನಾಲಿಗೆ ಹೊರಳಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವ ಆಸೆ ನನಗಿಲ್ಲ.

ಕೊನೆಗೆ ಎಲ್ಲರೂ ಒಂದು ತೀರ್ಮಾನಕ್ಕೆ ಬಂದರು. ಹಾಡುವುದಕ್ಕೆ ಮೊದಲು ತಾನು ಅಂದು ಆಡಿದ ಮಾತು ತಪ್ಪಾಯಿತೆಂದು ಅವರು ವೇದಿಕೆಯ ಮೇಲೆ ನಾಲ್ಕು ಸಾಲು ಓದಲಿ, ಆಮೇಲೆ ಹಾಡಲಿ. ಅಧ್ಯಕ್ಷರು ಕಾಗದವನ್ನು ನನ್ನ ಮುಂದೆ ಸರಿಸಿದರು. "ನೀವೇ ಬರ್ದುಬುಡಿ ಮೇಷ್ಟ್ರೇ, ನಿಮ್ ಅಕ್ಷರ ಚೆನ್ನಾಗದೆ."

ಬರೆದೆ.

ಮಾರನೆಯ ಬೆಳಿಗ್ಗೆ ಅದನ್ನು ಹಿಡಿದು ಎದುರುಮನೆಗೆ ಹೋದೆ. ದೊಡ್ಡಪ್ಪ ಮಗ್ಗದಲ್ಲಿ ಕೂತಿದ್ದರು. ಲಾಳಿ ಬದಿಗಿಟ್ಟು, ಬೆರಳಿನ ಬೆವರು ಒರೆಸಿಕೊಂಡು ಕಾಗದ ತೆಗೆದುಕೊಂಡರು. ಎರಡು ಸಲ ಓದಿದರು. ಮನಸ್ಸಿನಲ್ಲೇ ಓದಿಕೊಂಡರು. ಅವರು ಒಂದು ಕಾಗದವನ್ನು ಸದ್ದಿಲ್ಲದೆ ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಕ್ಷರ ಇನ್ನೂ ಅಂಗೇ ಅದೆ ಕಣಪ್ಪ" ಎಂದರು.

ನಾನು ಗುಂಡಿಯೊಳಗಿದ್ದ ಅವರ ಕಾಲುಗಳನ್ನೇ ನೋಡುತ್ತಾ ನಿಂತೆ.

"ಆವತ್ತಿನ್ ಕಾಗ್ದದ ಕೆಳ್ಗೆ ಬೀದಿಯೋರ್ದೆಲ್ಲ ಸೈನಿತ್ತು. ನಿಮ್ಮಪ್ಪಂದೇ ಮೊದ್ಲಿತ್ತು. ಇದ್ರ ಕೆಳ್ಗೆ ನನ್ನೊಬ್ಬಂದ್ಕೇ ಜಾಗ ಬುಟ್ಟಿದ್ದೀಯಲ್ಲ ಮಗ."

"ಓದ್ಬುಡಿ ದೊಡ್ಡಪ್ಪ. ನಾಕೇ ಸಾಲು. ಆಮೇಲೆ ಪದ ಏಳ್ಬೋದು."

"ಬೀದಿದು ಅಂತಂದ್ರೆ ಇನ್ನೂ ಎಷ್ಟು ಬೇಕಾದ್ರೂ ಓದೇನು. ಇದು ಯಾರ್ದು ಅಂತ ಓದ್ಲಿ, ಯೋಳು?"

ಆಗಲಾದರೂ ಹೇಳಬಹುದಿತ್ತು. ನಾಳೆ ಸಮಿತಿಗೆ ಹೋಗಿ ಬರೆದವನು ನಾನೆಂದು ಒಪ್ಪಿಕೊಳ್ಳುತ್ತೇನೆ ಎನ್ನಬಹುದಿತ್ತು. ಅವರು ಅದಕ್ಕೇ ಕಾದರೆಂದು ಈಗ ಅನ್ನಿಸುತ್ತದೆ. ಕಾದು ಕಾದು, ಕಾಗದ ಮಡಿಸಿ ನನ್ನ ಜೇಬಿಗೇ ಇಟ್ಟು, ಒಳಗೆ ಕೂಗಿದರು: "ಮಗೀಗೆ ಕಾಪಿ ತತ್ತಾ." ನನಗೆ ಆಗ ಮೂವತ್ತೇಳು ವರ್ಷ. ಆ ಕಾಪಿಯನ್ನು ಕುಡಿದು ಬಂದೆ.

ಸಮಾರಂಭದ ಸಂಜೆ ನಮ್ಮ ಸ್ಕೂಲಿನ ಹೆಣ್ಣುಮಕ್ಕಳಿಂದ ಆ ಹಾಡು ಹೇಳಿಸಿದೆ. ಪಾಪ, ಮೇಲಿನ ಸ್ವರಕ್ಕೆ ಎತ್ತಿಕೊಂಡು ನಡುವೆಯೇ ತಡವರಿಸಿದವು. ನಾನು ವೇದಿಕೆಯ ಪಕ್ಕದಿಂದ ಮೈದಾನದ ಕಡೆ ನೋಡಿದೆ. ಕೊನೆಯಲ್ಲಿ, ಗೋಡೆಯ ಹತ್ತಿರ, ದೊಡ್ಡಪ್ಪ ಒಗೆದ ಪಂಚೆ ಉಟ್ಟು, ಹೆಗಲಿಗೆ ಜರಿಯಂಚಿನ ವಲ್ಲಿ ಹಾಕಿಕೊಂಡು ನಿಂತಿದ್ದರು. ಕರೆದರೆ ಬಂದು ಹಾಡುವುದಕ್ಕೆ ತಯಾರಾಗಿಯೇ ಬಂದಿದ್ದರು. ಹಾಡು ಮುಗಿಯುವಷ್ಟರಲ್ಲಿ ಆ ಜಾಗದಲ್ಲಿ ಯಾರೂ ಇರಲಿಲ್ಲ.

ಅದಾದ ಮೇಲೆ ಅವರು ಭಜನೆಮನೆಗೆ ಬರುವುದನ್ನು ಬಿಟ್ಟರು. ಗಂಟಲು ಕೂತಿದೆ ಎಂದರು. ಮಗ್ಗದ ಸದ್ದಿತ್ತು, ಅದರ ಜೊತೆಯ ಪದ ಇರಲಿಲ್ಲ. ನಾನು ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ಆ ಬರೀ ಸದ್ದು ಕೇಳಲಾರದೆ ಹಿತ್ತಲ ದಾರಿ ಹಿಡಿಯುತ್ತಿದ್ದೆ. ಸ್ವಲ್ಪ ಕಾಲಕ್ಕೆ ಮಗ್ಗವನ್ನೂ ಬಿಚ್ಚಿಟ್ಟು, ಗಂಡಹೆಂಡತಿ ಇಬ್ಬರೂ ಮಾಂಬಳ್ಳಿಯ ಮಗಳ ಮನೆಗೆ ಹೋದರು.

ಹಿಂದೆ ಹೀಗಂದವರನ್ನು ಸಭೆಗೆ ಕರೆಯಬಹುದೇ, ಬಾರದೇ ಎಂದು ಜನ ಈಗಲೂ ವಾದ ಮಾಡುತ್ತಾರೆ. ಕೆಲವರನ್ನು ಕರೆಯಬಾರದೋ ಏನೋ, ನನಗೆ ಗೊತ್ತಿಲ್ಲ. ತೀರ್ಪು ಹೇಳುವ ಯೋಗ್ಯತೆಯೂ ನನಗಿಲ್ಲ. ಆದರೆ ಅಂಥ ವಾದದಲ್ಲಿ ನ್ಯಾಯಸ್ಥರ ಹಾಗೆ ಗಂಭೀರವಾಗಿ ಕೂತವರನ್ನು ಕಂಡರೆ, ಇವರು ಏನನ್ನು ನುಂಗಿಕೊಂಡು ಕೂತಿದ್ದಾರೋ ಎಂದು ನನ್ನ ಹಾಳು ಮನಸ್ಸು ಕೇಳುತ್ತದೆ.

ಎರಡು ವರ್ಷಕ್ಕೆ ಮಾಂಬಳ್ಳಿಯಿಂದ ಒಂದು ಕಾರ್ಡು ಬಂತು. ಮೂಲೆಗೆ ಕರಿ ಮಸಿ ಬಳಿದಿತ್ತು. ಭಜನೆಮನೆಯ ಮುಂದೆ ಬೀದಿಯವರು ಸೇರಿದರು. ಓದುವವರು ಯಾರೂ ಇರಲಿಲ್ಲ. ಓದಬೇಕಾದವರ ಸಾವೇ ಅದರಲ್ಲಿತ್ತು. ಓದು ಬಲ್ಲ ಮೇಷ್ಟ್ರೆಂದು ಅದನ್ನು ನನ್ನ ಕೈಗೆ ಕೊಟ್ಟರು. ಜಗುಲಿ ಹತ್ತಿ ಓದಿದೆ. "ಕೇಳುಸ್ತಿಲ್ಲ ಮೇಷ್ಟ್ರೇ, ಜೋರಾಗಿ" ಎಂದು ಹಿಂದಿನಿಂದ ಕೂಗಿದರು. ಮಗ್ಗಗಳನ್ನು ನಿಲ್ಲಿಸಿ ಬಂದಿದ್ದರು, ಆದರೂ ನನ್ನ ಸ್ವರ ಕೇಳಿಸಲಿಲ್ಲ. ಮತ್ತೆ ಮೊದಲಿನಿಂದ ಓದಿದೆ.

ಮುಗಿದ ಮೇಲೂ ಇಳಿಯದೆ ನಿಂತೆ. ಅಂದಿನ ಮನವಿಯಲ್ಲಿ ಅಪ್ಪನ ಸಹಿಯ ಕೆಳಗೆ ಸಹಿ ಹಾಕಿದವರು ಐದಾರು ಮಂದಿ ಎದುರಿಗೇ ಇದ್ದರು. ಸಮಿತಿಯಲ್ಲಿ ನಾನು ನುಂಗಿಕೊಂಡದ್ದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಏನೋ ಇದೆಯೆಂದು ತಿಳಿದು ಎಲ್ಲರೂ ತಲೆ ಎತ್ತಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಇಷ್ಟೇ ಬರ್ದಿರೋದು" ಎಂದು ಹೇಳಿ, ಕಾರ್ಡನ್ನು ಜೇಬಿಗಿಟ್ಟುಕೊಂಡು ಕೆಳಗಿಳಿದೆ.