ಅಡವಿ ಔಡಲದ ಸರ್

ಹೋದ ತಿಂಗಳು ರೂಪನಗುಡಿಯಲ್ಲಿ, ನಮ್ಮ ಸಂಬಂಧಿಕರ ಮನೆಯ ಬೇಲಿಯ ಹತ್ತಿರ ಒಂದು ಸಣ್ಣ ಹುಡುಗಿ ಅಡವಿ ಔಡಲದ ಎಲೆಯ ತೊಟ್ಟು ಮುರಿದು, ಅದರ ಹಾಲನ್ನು ಊದಿ ಗುಳ್ಳೆ ಬಿಡುತ್ತಿದ್ದಳು. ನಾನು ಓಡಿಹೋಗಿ ಕಿತ್ತುಕೊಂಡೆ. ಅವಳು ಅತ್ತಳು. ಹಾಲು ನನ್ನ ಬೆರಳಿಗೆ ಅಂಟಿ, ಒಣಗಿ, ಕಂದು ಕಲೆಯಾಯಿತು. ಬಳ್ಳಾರಿಗೆ ವಾಪಸ್ ಬರುವ ಬಸ್ಸಿನಲ್ಲಿ ಆ ಬೆರಳನ್ನೇ ನೋಡುತ್ತ ಕೂತಿದ್ದೆ. ನಮ್ಮ ವಿಜ್ಞಾನದ ಸರ್ ಕೈಯಲ್ಲಿ ಈ ಕಲೆ ಯಾವಾಗಲೂ ಇರುತ್ತಿತ್ತು...

ಅವರು ಬಾದನಹಟ್ಟಿಯ ನಮ್ಮ ಸಾಲಿಗೆ ಬಂದಾಗ ನಾನು ಎಂಟನೇ ಕ್ಲಾಸು. ಸಿರುಗುಪ್ಪದವರು. ಹೊಳೆ ದಂಡೆಯ ಭತ್ತದ ಸೀಮೆಯಲ್ಲಿ ಬೆಳೆದವರಿಗೆ ನಮ್ಮ ಗುಡ್ಡದ ಬುಡದ ಕಲ್ಲುನೆಲ ಕಂಡು ಕನಿಕರ ಹುಟ್ಟಿತೋ ಏನೋ. ಆಗ ಎಲ್ಲೆಲ್ಲೂ ಜಟ್ರೋಪಾದ ಮಾತು. ನಾವು ಅದಕ್ಕೆ ಅಡವಿ ಔಡಲ ಅನ್ನುತ್ತಿದ್ದೆವು. ಬೇಲಿಗೆ ಬಿಟ್ಟರೆ ಯಾವುದಕ್ಕೂ ಬಾರದ ಗಿಡ. ಅದರ ಬೀಜದಿಂದ ಡೀಸೆಲ್ ಮಾಡಬಹುದೆಂದು ಸರ್ ಹೇಳಿದಾಗ ಊರವರು ನಕ್ಕರು.

"ಅನ್ನ ಬೆಳಿಯೋ ಹೊಲ ಮುಟ್ಟೋದು ಬ್ಯಾಡ್ರಿ. ಏನೂ ಬೆಳೀಲಾರದ ನೆಲದಾಗ ಹಚ್ಚೋಣು. ನೀರು ಬ್ಯಾಡ, ಗೊಬ್ಬರ ಬ್ಯಾಡ, ಆಡು ಸೈತ ಬಾಯಿ ಹಾಕಂಗಿಲ್ಲ," ಎಂದರು ಸರ್.

"ಆಡು ಬಾಯಿ ಹಾಕಂಗಿಲ್ಲ ಅಂದ್ರ ನಮ್ಮ ಆಡು ಎಲ್ಲಿ ಮೇಯಬೇಕಪಾ?" ಎಂದು ಆಡು ಕಾಯುವ ಒಬ್ಬ ಮುದುಕಿ ಕೇಳಿದಳು. ಸರ್ ಉತ್ತರ ಹುಡುಕುವಷ್ಟರಲ್ಲಿ ಊರಿನ ಹಿರಿಯರು ಗೋಮಾಳ ಕೊಡಲು ಒಪ್ಪಿಬಿಟ್ಟಿದ್ದರು.

ಗುಂಡಿ ತೋಡಿದವರು ನಾವೇ, ಸಾಲಿ ಮಕ್ಕಳು. ಗಿಡಗಳು ಬದುಕಿದವು. ಆದರೆ ಎರಡು ಬೇಸಿಗೆ ಕಳೆದರೂ ಕಾಯಿ ಬಿಡಲಿಲ್ಲ. ಬೀಜ ಕೊಳ್ಳುತ್ತೇವೆ ಎಂದು ಹೇಳಿ ಹೋದ ಕಂಪನಿಯವರು ತಿರುಗಿ ಈ ಕಡೆ ಬರಲಿಲ್ಲ. ಸರ್ ಸಾಲಿಯ ನಲ್ಲಿಯಿಂದ ಕೊಡ ಹೊತ್ತು ಒಂದು ಸಾಲು ಗಿಡಗಳಿಗಷ್ಟೇ ನೀರು ಹಾಕಿದರು. ಆ ಸಾಲು ಮಾತ್ರ ಕಾಯಿ ಬಿಟ್ಟಿತು. "ನೀರು ಬ್ಯಾಡ ಅಂದವರ ಮಾತು ನಾ ಹಂಗೇ ನಂಬಿದೆನಲ್ಲವಾ," ಎಂದು ಒಮ್ಮೆ ನನಗೆ ಹೇಳಿದರು. ಅಂಥ ಮಾತನ್ನು ನನ್ನ ಹತ್ತಿರ ಆಡುತ್ತಿದ್ದರು. ಅವರ ಪ್ರೀತಿಯ ಶಿಷ್ಯೆ ನಾನು.

ಆ ಒಂದು ಸಾಲಿನ ಬೀಜದಿಂದಲೇ ಎಣ್ಣೆ ತೆಗೆದು, ಸೋಸಿ, ಹದ ಮಾಡಿ, ಯಾರದೋ ಹಳೇ ಪಂಪಿನ ಎಂಜಿನ್ನಿಗೆ ಹಾಕಿದರು. ಮೂರು ಸಲ ಹ್ಯಾಂಡಲ್ ತಿರುವಿದರು, ಹತ್ತಲಿಲ್ಲ. ನಾಲ್ಕನೇ ಸಲ ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ಓಡತೊಡಗಿತು. ಬಜ್ಜಿ ಕರಿದ ವಾಸನೆ! ನಕ್ಕಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸರ್ ಬೆವರು ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡರು.

ಉಳಿದ ಬೀಜ ಸುಲಿದು ಗಾಜಿನ ಬಾಟಲಿಯಲ್ಲಿ ತುಂಬುವ ಕೆಲಸ ನನ್ನದು. "ಇದು ವಿಷ ಐತಿ. ಒಂದು ಕಾಳೂ ಮನಿಗೆ ಒಯ್ಯಬ್ಯಾಡ," ಎಂದಿದ್ದರು. ನಾನು ಒಯ್ದೆ. ಇದರಿಂದ ಎಂಜಿನ್ ಓಡತೈತಿ ಎಂದು ಅವ್ವಗೆ ತೋರಿಸುವ ಆಸೆ. ಕಿಟಕಿಯಲ್ಲಿಟ್ಟು ಮರೆತೆ. ನನ್ನ ತಂಗಿಗೆ ಆಗ ನಾಲ್ಕು ವರ್ಷ. ಶೇಂಗಾ ಎಂದು ತಿಂದುಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ವಾಂತಿ, ಭೇದಿ. ಕಣ್ಣು ಗುಳಿಬಿದ್ದವು. ಸುದ್ದಿ ಕೇಳಿ ಓಡಿಬಂದ ಸರ್, ಮಗುವನ್ನೂ ಅವ್ವನನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಕುರುಗೋಡಿಗೆ, ಅಲ್ಲಿಂದ ಬಳ್ಳಾರಿಯ ದವಾಖಾನೆಗೆ ಹೋದರು. ಎರಡು ದಿನ ಸಲೈನ್. ಗೋಮಾಳದಲ್ಲಿ ಆಡುವಾಗ ಗಿಡದಿಂದ ಕಿತ್ತು ತಿಂದಿರಬೇಕು ಎಂದು ಎಲ್ಲರೂ ಅಂದುಕೊಂಡರು. ಅಲ್ಲ ಎಂದು ನಾನು ಹೇಳಲಿಲ್ಲ.

"ನೀವು ಹಚ್ಚಿದ ಗಿಡ ನನ್ನ ಕೂಸನ್ನ ತಿಂತಲ್ರೀ!" ಮರುದಿನ ನಾನೂ ವಾರ್ಡಿಗೆ ಹೋದಾಗ ಅವ್ವ ಕೂಗುತ್ತಿದ್ದಳು.

ಸರ್ ಕೈಮುಗಿದರು. "ಹೌದ್ರೀ ಅವ್ವಾ. ತಪ್ಪು ನಂದು."

ತಂಗಿ ಉಳಿದಳು. ಸರ್ ಮಾತ್ರ ಮರುವಾರವೇ ಗೋಮಾಳಕ್ಕಿಳಿದು ಗಿಡಗಳನ್ನು ಕೀಳತೊಡಗಿದರು. ಅವರ ಜೊತೆ ಯಾರೂ ಹೋಗಲಿಲ್ಲ. ಎಂಟು ದಿನ ಒಬ್ಬರೇ ಕಿತ್ತರು. ಕೊನೆಯ ದಿನ ನಲ್ಲಿಯ ಹತ್ತಿರ ಕೈ ತೊಳೆಯುತ್ತ, ತಲೆ ಎತ್ತದೆ ಕೇಳಿದರು: "ಬಾಟ್ಲಿಯಾಗ ಒಂದು ಹಿಡಿ ಕಮ್ಮಿ ಐತಲ್ಲವಾ?"

ನಾನು ಹರಿಯುತ್ತಿದ್ದ ನಲ್ಲಿ ನಿಲ್ಲಿಸಿದೆ.

"ಹೇಳಬ್ಯಾಡ ಬಿಡು. ನನ್ನ ಮ್ಯಾಲಿನ ಸಿಟ್ಟು ನಾ ಹೋದ ಮ್ಯಾಲ ಹೋಗತೈತಿ. ನೀನು ಆ ಮನಿಯಾಗಽ ಇರಬೇಕಲ್ಲ."

ಪರೀಕ್ಷೆ ಮುಗಿಯುವ ಮೊದಲೇ ವರ್ಗ ಮಾಡಿಸಿಕೊಂಡು ಹೋದರು. ನಾನು ಬಾಯಿ ಬಿಡಲಿಲ್ಲ. ವರ್ಷ ಕಳೆದಷ್ಟೂ ಮಾತು ಭಾರವಾಯಿತು...

ರೂಪನಗುಡಿಯಿಂದ ಬಂದ ದಿನ ಅವ್ವನಿಗೂ ತಂಗಿಗೂ ಎಲ್ಲ ಹೇಳಿದೆ. ಅವ್ವ ಎದ್ದು ಚಪ್ಪಲಿ ಹಾಕಿಕೊಂಡಳು. ಬೈಯಲಿಲ್ಲ. "ನಡಿ, ಅವರ ಮನಿಗೆ ಹೋಗೋಣು," ಎಂದಳಷ್ಟೆ.

ಸಿರುಗುಪ್ಪದಲ್ಲಿ ಬಾಗಿಲು ತೆಗೆದವರು ಸರ್ ಹೆಂಡತಿ. ಸರ್ ತೀರಿಕೊಂಡು ಒಂದು ವರ್ಷ ಆಗಿತ್ತು. ಬಾದನಹಟ್ಟಿಯವರು ಎಂದ ಕೂಡಲೇ ಆಕೆಯ ಮುಖ ಬದಲಾಯಿತು.

"ಆ ಕಡೀಂದ ಯಾರು ಬಂದ್ರೂ ಇವರು ಒಂದೇ ಕೇಳೋರು, ಆ ಕೂಸು ಹೆಂಗೈತಿ ಅಂತ. ಅಲ್ಲಿಂದ ಬಂದ ಮ್ಯಾಲ ಒಂದು ಹೂವಿನ ಗಿಡಾನೂ ಹಚ್ಚಲಿಲ್ಲ ನೋಡ್ರಿ."

"ಅದು ನಾನಽ ಅಮ್ಮಾ," ಎಂದಳು ತಂಗಿ. ಆಕೆ ತಂಗಿಯ ಕೆನ್ನೆ, ತೋಳು, ತಲೆ ಮುಟ್ಟಿ ಮುಟ್ಟಿ ನೋಡಿದರು. ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಆಕೆ ನಮ್ಮನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಆಗ ನಾನು ಹೇಳಿದೆ. ಬೀಜ ಮನೆಗೆ ಒಯ್ದವಳು ನಾನು, ಸರ್‌ಗೆ ಅದು ಗೊತ್ತಿತ್ತು ಎಂದೆ.

ಆಕೆ ನನ್ನನ್ನು ದಿಟ್ಟಿಸಿದರು. "ನನಗೂ ಹೇಳಲಿಲ್ಲಲ್ಲ ಅವರು..." ಎಂದರು. ಚಹಾದ ಕಪ್ಪುಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದರು.

ನಾವು ಮೂವರೂ ಹೊರಗೆ ಕಾದೆವು. ಬಹಳ ಹೊತ್ತು ಕಾದೆವು. ಆಕೆ ಮತ್ತೆ ಹೊರಗೆ ಬರಲಿಲ್ಲ.