ಒತ್ತಕ್ಕ ಮತ್ತು ನಲವತ್ತು ಇಂಚಿನ ಪರದೆ

ಒತ್ತಕ್ಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆಕೆಯ ಬಗ್ಗೆ ಒಂದೆರಡು ಒಳ್ಳೆಯ ಮಾತು ಆಡಬೇಕಾಗಿ ಬರುತ್ತದೆ, ಅದನ್ನು ಕೇಳಿ ನಾವಿಬ್ಬರೂ ಚೆನ್ನಾಗಿದ್ದೆವು ಎಂದು ಯಾರೂ ಅಂದುಕೊಳ್ಳಬಾರದು. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ, ಆರು ಅಡಿ ದೂರದಲ್ಲಿ ಕೂತು ಕೆಲಸ ಮಾಡಿದೆವು. ಒಂದು ದಿನವೂ ಆಕೆ ನನ್ನನ್ನು ಹೊಗಳಲಿಲ್ಲ. ನಾನೂ ಆಕೆಗೆ ಒಂದು ಲೋಟ ನೀರು ಎತ್ತಿ ಕೊಟ್ಟವನಲ್ಲ.

ನಮ್ಮದು ಸಣ್ಣ ಮುದ್ರಣಾಲಯ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ತೆಳ್ಳನೆಯ ಚೀಟಿ ಇರುತ್ತದಲ್ಲ, ಯಾರೂ ಓದದೆ ಎಸೆಯುವುದು, ಅದನ್ನು ಅಚ್ಚು ಹಾಕುವುದೇ ನಮ್ಮ ಹೊಟ್ಟೆಪಾಡು. ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟುವವನು. ಆಕೆ ಕರಡು ತಿದ್ದುವವಳು. ಮೂಲ ಪ್ರತಿಯನ್ನು ನಾನು ಗಟ್ಟಿಯಾಗಿ ಓದಬೇಕು, ಆಕೆ ಕೆಂಪು ಪೆನ್ನು ಹಿಡಿದು ಕರಡನ್ನು ನೋಡುತ್ತಾ ಹೋಗಬೇಕು. ಸುಮ್ಮನೆ ಓದಿದರೆ ಸಾಲದು. "ಪಕ್ಕೆ ರ ಒತ್ತು, ಷಕ್ಕೆ ಠ ಒತ್ತು, ಅಲ್ಪವಿರಾಮ" ಎಂದು ಪ್ರತಿಯೊಂದು ಒತ್ತಕ್ಷರವನ್ನೂ ಬಿಡಿಸಿ ಹೇಳಬೇಕು. ಒಂದು ಒತ್ತು ನುಂಗಿದರೂ ಆಕೆ ಪೆನ್ನಿನ ಹಿಂಬದಿಯಿಂದ ಮೇಜು ಕುಟ್ಟುತ್ತಿದ್ದಳು. ಹಾಗಾಗಿ ಒತ್ತಕ್ಕ. ಹೆಸರಿಟ್ಟವನು ನಾನೇ. ಯಜಮಾನರಿಂದ ಹಿಡಿದು ಕಾಗದ ತರುವ ಗಾಡಿಯವನವರೆಗೆ ಎಲ್ಲರೂ ಹಾಗೇ ಕರೆಯತೊಡಗಿದರು, ಆಕೆಯ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಆಕೆಯೂ ನನಗೊಂದು ಹೆಸರಿಟ್ಟಿದ್ದಳು: ದಡಬಡಪ್ಪ. ನನ್ನಷ್ಟು ವೇಗವಾಗಿ ಟೈಪ್ ಮಾಡುವವರು ಆ ಬೀದಿಯಲ್ಲೇ ಇರಲಿಲ್ಲ, ಆ ಹೊಟ್ಟೆಕಿಚ್ಚು ಎಂದು ನಾನು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಕೆ ಆ ಕೆಲಸಕ್ಕೆ ಸೇರಿದ್ದು ಸೀಸದ ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ. ಅಕ್ಷರವನ್ನು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಓದಿ ಅಭ್ಯಾಸವಾದವಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಆಕೆ ಮತ್ತು ಆಕೆಯ ಅತ್ತೆ, ಇಬ್ಬರೇ. ಎಂಬತ್ತು ದಾಟಿದ ಆ ಮುದುಕಿಗೆ ಕಣ್ಣು ಮಂದ. ದಿನಾ ಬೆಳಿಗ್ಗೆ ಈಕೆ ಪೇಪರ್ ಓದಿ ಹೇಳಬೇಕು. ಅಭ್ಯಾಸಬಲದಿಂದ ತಪ್ಪು ಸಿಕ್ಕಲ್ಲೆಲ್ಲ ನಿಂತು ಸಂಪಾದಕರನ್ನು ಬೈಯುತ್ತಿದ್ದಳಂತೆ. "ಏನೇ, ಪೇಪರ್ ಓದ್ತಿದೀಯೋ, ಜಗಳ ಆಡ್ತಿದೀಯೋ?" ಎಂದು ಮುದುಕಿ ಕೇಳುತ್ತಿದ್ದಳಂತೆ. ಇದನ್ನು ಒತ್ತಕ್ಕನೇ ಒಮ್ಮೆ ಹೇಳಿದ್ದು, ನಗದೆ.

ನಮ್ಮ ದ್ವೇಷಕ್ಕೆ ಒಂದು ದೊಡ್ಡ ಕಾರಣವಿತ್ತು. ನಾನು ಐದು ಗಂಟೆಗೆ ಎದ್ದು ಹೊರಡುವವನು, ಆಕೆ ಇನ್ನೂ ಇಪ್ಪತ್ತು ನಿಮಿಷ ಕೂರುವವಳು. ಕೆಲವು ದಿನ ಬೆಳಿಗ್ಗೆ ಬಂದು ನೋಡಿದರೆ ನನ್ನ ಕುರ್ಚಿ ತಗ್ಗಿರುತ್ತಿತ್ತು, ಮೌಸ್ ಮೇಜಿನ ಎಡಕ್ಕಿರುತ್ತಿತ್ತು. ನನ್ನ ಯಂತ್ರವನ್ನು ಯಾರೋ ಮುಟ್ಟಿದ್ದಾರೆ! ಎರಡು ವರ್ಷದ ಹಿಂದೆ ಒಂದು ಸಂಜೆ ಮರೆತ ಕೊಡೆಗಾಗಿ ಹಿಂತಿರುಗಿದಾಗ ಆಕೆ ನನ್ನ ಕುರ್ಚಿಯಲ್ಲೇ ಕೂತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ಮರುದಿನ ಯಜಮಾನರಿಗೆ ಚಾಡಿ ಹೇಳಿದೆ. ಅವರು ಎಲ್ಲರೆದುರಿಗೇ, "ಅವನ ಮೇಜಿನ ಹತ್ರ ನಿಮಗೇನ್ರೀ ಕೆಲಸ?" ಎಂದು ರೇಗಿದರು.

"ಧೂಳು ಒರೆಸ್ತಿದ್ದೆ" ಎಂದಳು ಆಕೆ.

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಹೀಗಿರುವಾಗ ಆ ಹೊಸ ಕಂಪ್ಯೂಟರ್ ಪರದೆ ಬಂತು. ನಲವತ್ತು ಇಂಚು, ಎರಡೂ ತುದಿ ಸ್ವಲ್ಪ ಒಳಕ್ಕೆ ಬಾಗಿದ್ದು, ಬೆಳಕು ಬಿದ್ದರೂ ಮಿನುಗದ ಮೈ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನಬೇಕು: ಒತ್ತಕ್ಕನ ಐದು ತಿಂಗಳ ಸಂಬಳ. ಅಂಗಡಿಯವನು ಅದನ್ನು ಒಂದು ವಾರ ಇಟ್ಟು ನೋಡಿ ಎಂದು ಬಿಟ್ಟುಹೋದ. "ಎರಡು ಪುಟ ಪಕ್ಕಪಕ್ಕ ಬರುತ್ತೆ ಸಾರ್. ಒಬ್ರು ಟೈಪ್ ಮಾಡಿ, ಅವರೇ ತಿದ್ದಿಕೋಬಹುದು. ಕಾಗದದ ಕರಡೇ ಬೇಡ" ಎಂದ. ಕೊನೆಯ ಮಾತು ಯಜಮಾನರ ಕಿವಿಗೆ ಸಕ್ಕರೆಯಂತೆ ಬಿತ್ತು.

ಯಜಮಾನರು ಕೆಟ್ಟವರಲ್ಲ, ಹೇಡಿ. ಕೆಟ್ಟ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಹೇಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಒತ್ತಕ್ಕನನ್ನು ಕರೆದು, "ನೋಡಿ, ಇದನ್ನ ತಗೊಂಡ್ರೆ ಎರಡನೇ ಮೇಜು ಇಟ್ಕೊಳೋಕೆ ನನ್ನ ಕೈಲಾಗಲ್ಲ. ತಗೊಳ್ಳದಿದ್ರೆ ಈಗಿನ ಹಾಗೇ ನಡೀಲಿ. ನಿಮ್ಮಷ್ಟು ಅನುಭವ ಇಲ್ಲಿ ಯಾರಿಗಿದೆ? ಈ ಬೆಲೆಗೆ ಇದು ತಕ್ಕದ್ದೋ ಅಲ್ವೋ, ನೀವೇ ನೋಡಿ ಬರೆದುಕೊಡಿ" ಎಂದರು.

ಎರಡನೇ ಮೇಜು ಎಂದರೆ ಆಕೆಯ ಮೇಜು. ತನ್ನ ಕೆಲಸ ಉಳಿಯಬೇಕೋ ಬೇಡವೋ ಎಂಬುದನ್ನು ಆಕೆಯ ಕೈಯಲ್ಲೇ ಬರೆಸಲು ಹೊರಟಿದ್ದರು ಆ ಪುಣ್ಯಾತ್ಮರು. ಆಕೆಗೆ ಇನ್ನೂ ಎರಡು ವರ್ಷದ ಸರ್ವಿಸ್ ಇತ್ತು. ಮನೆ ನಡೆಯುತ್ತಿದ್ದುದು ಆ ಸಂಬಳದಲ್ಲೇ.

ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಆಕೆ ಹೋದರೆ ಮೇಜು ಕುಟ್ಟುವ ಸದ್ದು ಹೋಗುತ್ತದೆ, ಜೊತೆಗೆ ನನ್ನೆದುರಿಗೆ ಆ ಪರದೆ ಬರುತ್ತದೆ. ಆದರೆ ಆಕೆ 'ತಕ್ಕದ್ದಲ್ಲ' ಎಂದೇ ಬರೆಯುತ್ತಾಳೆ ಎಂಬುದರಲ್ಲೂ ಅನುಮಾನವಿರಲಿಲ್ಲ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವವರು ಯಾರು? ಸುಳ್ಳು ಬರೆದರೆ ಹಿಡಿದುಹಾಕಬೇಕು ಎಂದು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ.

ಆಕೆ ಪರೀಕ್ಷೆ ಮಾಡಿದ ರೀತಿಯೋ, ಪೊಲೀಸರು ಕಳ್ಳನನ್ನು ವಿಚಾರಿಸಿದ ಹಾಗಿತ್ತು. ಮೊದಲ ದಿನ ಉಕ್ಕಿನ ಅಳತೆಪಟ್ಟಿ ತಂದು ಪರದೆಗೆ ಹಿಡಿದು ಸಾಲು ನೆಟ್ಟಗಿದೆಯೋ ಎಂದು ಅಳೆದಳು. "ಮೂಲೇಲಿ ಸಾಲು ಬಾಗುತ್ತೆ" ಎಂದು ಗೊಣಗಿದಳು. ಎರಡನೆಯ ದಿನ, "ಈ ಕೊನೆಯಿಂದ ಆ ಕೊನೆಗೆ ನೋಡೋಕೆ ಕತ್ತು ಬಾಡಿಗೆಗೆ ತರಬೇಕು" ಎಂದಳು. ಮೂರನೆಯ ದಿನ ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳನ್ನು ಅತಿ ಸಣ್ಣ ಅಕ್ಷರದಲ್ಲಿ ಸಾಲಾಗಿ ಟೈಪ್ ಮಾಡಿಸಿ, ಹೊಟ್ಟೆ ಸೀಳಿದ್ದು ಯಾವುದು, ಸೀಳದ್ದು ಯಾವುದು ಎಂದು ದೂರದಿಂದ ನನ್ನ ಕೈಲಿ ಓದಿಸಿದಳು. ನನ್ನ ಹಳೆಯ ಪರದೆಯಲ್ಲಿ ಅರ್ಧಕ್ಕರ್ಧ ತಪ್ಪು ಓದಿದೆ. ಹೊಸದರಲ್ಲಿ ಒಂದೂ ತಪ್ಪಲಿಲ್ಲ. ಆಕೆಯ ಮುಖ ಇನ್ನಷ್ಟು ಗಂಟಿಕ್ಕಿತು. ಸಿಕ್ಕಿಬಿದ್ದಳು ಎಂದುಕೊಂಡೆ ನಾನು.

ನಾಲ್ಕನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆಕೆ ಬಾಗಿಲು ಮುಂದೆ ಮಾಡಿ ಬಂದಳು.

"ಬಾ, ಕೂತ್ಕೋ. ಮಕ್ಕಳ ಜ್ವರದ ಹನಿಯ ಚೀಟಿ ತೆಗಿ."

ಅದು ಅವತ್ತು ಬೆಳಿಗ್ಗೆ ನಾನು ಟೈಪ್ ಮಾಡಿ ಮುಗಿಸಿದ್ದು. ತೆಗೆದೆ.

"ಪ್ರಮಾಣ ಅಂತಿದೆಯಲ್ಲ, ಅಲ್ಲಿ ಓದು."

"೧೦ ಗಂಟೆಗೊಮ್ಮೆ ೫ ಹನಿ. ತಪ್ಪೇನಿದೆ?"

"ದೊಡ್ಡದು ಮಾಡು. ಇನ್ನೂ. ಇನ್ನೂ ಮಾಡೋ, ನಿನ್ನಪ್ಪನ ಮನೆ ಗಂಟು ಹೋಗಲ್ಲ."

ಮಾಡಿದೆ. ಆ '೧೦' ಪರದೆಯ ತುಂಬ ಬಂತು. ಆಕೆ ನನ್ನ ಹೆಗಲ ಮೇಲಿಂದ ಕೈಚಾಚಿ, ಕೀಲಿಮಣೆಯ ಮೇಲಿನ ಸಾಲಿನಿಂದ ಒಂದು ಸೊನ್ನೆಯನ್ನು ಒತ್ತಿ ಅದರ ಪಕ್ಕದಲ್ಲಿ ಕೂರಿಸಿದಳು.

"ಈಗ ಹೇಳು. ಇದರಲ್ಲಿ ಸೊನ್ನೆ ಯಾವುದು?"

ಎರಡು ಉರುಟು. ಒಂದು ದೊಡ್ಡ ತಟ್ಟೆ, ಒಂದು ಸಣ್ಣ ತಟ್ಟೆ. ನಾನು ಟೈಪ್ ಮಾಡಿದ್ದು ಸಣ್ಣದು.

ನಾನು ಟೈಪಿಂಗ್ ಕಲಿತ ಹಳೆಯ ಯಂತ್ರದಲ್ಲಿ ಸೊನ್ನೆಗೆ ಬೇರೆ ಕೀಲಿಯೇ ಇರಲಿಲ್ಲ. ಅನುಸ್ವಾರವನ್ನೇ, ಅಂದರೆ 'ಅಂ' ಎನ್ನುವಾಗ ಪಕ್ಕದಲ್ಲಿ ಬರುವ ಉರುಟನ್ನೇ, ಸೊನ್ನೆಯಾಗಿ ಒತ್ತುತ್ತಿದ್ದೆವು. ಬೆರಳಿಗೆ ಅದೇ ಚಾಳಿ. ಕಂಪ್ಯೂಟರಿನಲ್ಲೂ ಅದನ್ನೇ ಒತ್ತುತ್ತಾ ಬಂದಿದ್ದೆ. ಅದೂ ಉರುಟು, ಇದೂ ಉರುಟು, ಕಾಗದದ ಮೇಲೆ ಯಾರಿಗೆ ಗೊತ್ತಾಗುತ್ತದೆ?

"ನೋಡೋರಿಗೆ ಒಂದೇ ಅಲ್ವಾ ಅಕ್ಕಾ" ಎಂದೆ. ದನಿ ನನಗೇ ತೆಳ್ಳಗೆ ಕೇಳಿಸಿತು.

"ನೋಡೋರಿಗೆ ಒಂದೇ. ಯಂತ್ರಕ್ಕಲ್ಲ. ಈಗ ಆ ಔಷಧ ಕಂಪನಿಯವರು ನಮ್ಮ ಹತ್ರ ಫೈಲನ್ನೇ ಇಸ್ಕೊಳ್ತಾರೆ. ಅವರ ಯಂತ್ರ ನಮ್ಮ ಅಂಕಿಗಳನ್ನ ಇಂಗ್ಲಿಷ್ ಅಂಕಿ ಮಾಡುತ್ತೆ. ಅನುಸ್ವಾರ ಅಂಕಿಯಲ್ಲ, ಅದನ್ನ ಉದುರಿಸಿಬಿಡುತ್ತೆ. ಉಳಿಯೋದೇನು?"

ಉಳಿಯುವುದು ಒಂದು. ಒಂದು ಗಂಟೆಗೊಮ್ಮೆ ಐದು ಹನಿ, ಜ್ವರ ಬಂದ ಕೂಸಿಗೆ.

"ಇಷ್ಟು ದಿನ ಹೋಗಿದ್ದೆಲ್ಲ..." ಎಂದೆ.

"ಇಷ್ಟು ದಿನ ಹೋಗಿದ್ದೆಲ್ಲ ಸರಿಯಾಗೇ ಹೋಗಿದೆ. ಮೊದಮೊದಲು ಕರಡಿನಲ್ಲಿ ಕೆಂಪು ಸುತ್ತು ಹಾಕಿ ಕೊಟ್ಟೆ. ಮುದುಕಿಗೆ ಕಣ್ಣಿಲ್ಲ, ಸೊನ್ನೆಗೂ ಸುತ್ತು ಹಾಕ್ತಾಳೆ ಅಂತ ನೀನು ಅಚ್ಚಿನ ಮನೆಯವರ ಹತ್ರ ಹೇಳ್ಕೊಂಡು ನಕ್ಕೆ. ಆಮೇಲೆ ಸುತ್ತು ಹಾಕೋದು ಬಿಟ್ಟೆ. ಸಂಜೆ ನೀನು ಹೋದ್ಮೇಲೆ ಕೂತು ಧೂಳು ಒರೆಸ್ತಿದ್ದೆ."

ವರ್ಷಗಟ್ಟಲೆ, ದಿನಾ ಇಪ್ಪತ್ತು ನಿಮಿಷ, ಈಕೆ ನನ್ನ ಕುರ್ಚಿಯಲ್ಲಿ ಕೂತು ನನ್ನ ಸೊನ್ನೆಗಳನ್ನು ತಿದ್ದಿದ್ದಳು. ನಾನು ಅದಕ್ಕಾಗಿ ಆಕೆಯನ್ನು ಎಲ್ಲರೆದುರು ಬೈಸಿದ್ದೆ. ಆ ಹೊತ್ತಿನಲ್ಲೂ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು.

"ಯಜಮಾನರಿಗೆ ಯಾಕೆ ಹೇಳ್ಲಿಲ್ಲ? ಅವತ್ತೇ ನನ್ನನ್ನ ಓಡಿಸಬಹುದಿತ್ತಲ್ಲ?"

"ಓಡಿಸಿದ್ರೆ ನಿನಗಿಂತ ದಡಬಡ ಇನ್ನೊಬ್ಬ ಬರ್ತಿದ್ದ. ನಿನ್ನ ತಪ್ಪು ಎಲ್ಲೆಲ್ಲಿರುತ್ತೆ ಅಂತ ನಂಗೆ ಗೊತ್ತು."

ಆಕೆ ತನ್ನ ಮೇಜಿಗೆ ಹೋಗಿ ಕೂತು, ಕಾಗದ ತೆಗೆದು ಬರೆಯತೊಡಗಿದಳು. ಹತ್ತು ನಿಮಿಷವೂ ಆಗಿರಲಿಲ್ಲ, ಹಾಳೆಯನ್ನು ನನ್ನ ಮುಂದೆ ಎಸೆದು, "ಟೈಪ್ ಮಾಡಿ ಒಳಗೆ ಕೊಡು" ಎಂದಳು. ಮೂರೇ ಸಾಲು: ಪರದೆ ಈ ಬೆಲೆಗೆ ತಕ್ಕದ್ದು. ಮೂಲೆಯಲ್ಲಿ ಸಾಲು ಬಾಗುವುದರಿಂದ ಕೆಲಸಕ್ಕೆ ಅಡ್ಡಿಯಿಲ್ಲ. ಇದನ್ನು ಟೈಪ್ ಮಾಡುವವರ ಮುಂದೆಯೇ ಇಡತಕ್ಕದ್ದು.

ಎರಡು ಸಲ ಓದಿದೆ. ಒಂದು ಮಾತು ಸಾಕಿತ್ತು ಆಕೆಯ ಕೆಲಸ ಉಳಿಯಲು. ಪರದೆಯ ತಪ್ಪುಗಳನ್ನು ನಾಲ್ಕು ದಿನ ಹುಡುಕಿ ಹುಡುಕಿ ಹೇಳಿದ್ದಳು, ಅದನ್ನೇ ಬರೆದಿದ್ದರೆ ಯಾರೂ ಎದುರಾಡುತ್ತಿರಲಿಲ್ಲ.

"ಅಕ್ಕಾ, ಹೀಗೆ ಬರೆದ್ರೆ ನಿಮ್ಮನ್ನ ತೆಗೀತಾರೆ."

"ಗೊತ್ತು. ಓದೋಕೆ ಬರುತ್ತೆ ನಂಗೆ."

"ಇದು ಇಲ್ದೆಯೂ ನಿಮಗೆ ಕಾಣ್ತಿತ್ತಲ್ಲ!"

"ನಂಗೆ ಕಾಣ್ತಿತ್ತು. ನಿಂಗೆ ಕಾಣ್ತಿರ್ಲಿಲ್ಲ. ಎರಡು ವರ್ಷ ಆದ್ಮೇಲೆ ನಾನು ಹೇಗಿದ್ರೂ ಮನೆಗೆ ಹೋಗಬೇಕು. ಆಗ ಇವರು ಪರದೆಯನ್ನೂ ತರಲ್ಲ, ಇನ್ನೊಬ್ಬರನ್ನೂ ಇಡಲ್ಲ. ಆಮೇಲೆ ನಿನ್ನ ಧೂಳು ಯಾರು ಒರೆಸ್ತಾರೆ?" ಪೆನ್ನಿಗೆ ಮುಚ್ಚಳ ಹಾಕಿದಳು. "ನಿನ್ನ ಮೇಲಿನ ಅಕ್ಕರೆಯಿಂದ ಅಂದ್ಕೋಬೇಡ. ನಿನ್ನ ಕಂಡ್ರೆ ನಂಗೆ ಆಗಲ್ಲ."

"ನನಗೂ ಅಷ್ಟೇ" ಎಂದೆ. ನಿಜವನ್ನೇ ಹೇಳಿದೆ.

"ಮತ್ತೆ ಮನೆ?" ಎಂದು ಕೇಳದಿರಲು ಆಗಲಿಲ್ಲ.

"ಊರಲ್ಲಿ ತಪ್ಪು ಮಾಡೋರಿಗೆ ಬರವೇ? ಕರಡು ಮನೆಗೇ ತರಿಸ್ಕೋತೀನಿ. ಅತ್ತೆ ಕೇಳಿಸ್ಕೊಳ್ತಾ ಕೂತಿರ್ತಾರೆ, ಬೈಗುಳ ಅವರಿಗೆ ಅಭ್ಯಾಸ ಆಗಿದೆ."

ಯಜಮಾನರು ಆ ಮೂರು ಸಾಲು ಓದಿ ತುಂಬ ಬೇಜಾರಾದವರಂತೆ ಮುಖ ಮಾಡಿದರು. ಬೇಜಾರು ಮರುದಿನ ಚೆಕ್ ಬರೆಯುವ ಹೊತ್ತಿಗೆ ಹೋಗಿತ್ತು. ತಿಂಗಳ ಕೊನೆಗೆ ಆಕೆಯ ಮೇಜನ್ನು ಗೋದಾಮಿಗೆ ಸಾಗಿಸಿದರು. ಆಕೆಯ ಸೇವಾಪತ್ರ ಸಿದ್ಧ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಅವತ್ತಿನಷ್ಟು ನಿಧಾನವಾಗಿ ನಾನು ಜೀವಮಾನದಲ್ಲೇ ಟೈಪ್ ಮಾಡಿರಲಿಲ್ಲ. '೩೦ ವರ್ಷಗಳ ಕಾಲ' ಎಂಬಲ್ಲಿ ಬೆರಳು ತಾನಾಗಿ ಅನುಸ್ವಾರಕ್ಕೆ ಹೋಯಿತು. ಎಳೆದು ತಂದು ಸೊನ್ನೆಯ ಮೇಲೆ ಇಟ್ಟೆ. ಒಂದೊಂದು ಸಾಲನ್ನೂ ಪರದೆಯ ತುಂಬ ದೊಡ್ಡದು ಮಾಡಿ, ಬಾಯಿಬಿಟ್ಟು ಓದಿದೆ: ಪಕ್ಕೆ ರ ಒತ್ತು, ಷಕ್ಕೆ ಠ ಒತ್ತು. ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಚ್ಚು ತೆಗೆದೆ. ಈ ಒಂದು ಸಲವಾದರೂ ಆಕೆಯ ಬಾಯಿ ಕಟ್ಟಬೇಕು ಎಂಬ ಹಟ ನನಗಿತ್ತು.

ಆಕೆ ನಿಂತುಕೊಂಡೇ ಕಾಗದವನ್ನು ಕೈಯಳತೆ ದೂರ ಹಿಡಿದು ಓದಿದಳು. ಪೆನ್ನು ಸಾಲಿನಿಂದ ಸಾಲಿಗೆ ಜಾರಿತು, ಎಲ್ಲೂ ನಿಲ್ಲಲಿಲ್ಲ.

"ಸೊನ್ನೆ ಸರಿಯಾಗಿದೆ" ಎಂದಳು.

ನಾನು ಉಸಿರು ಬಿಟ್ಟೆ. ಆಗ ಪೆನ್ನು ಮತ್ತೆ ಮೇಲಕ್ಕೆ ಹೋಯಿತು, ಮೊದಲನೆಯ ಸಾಲಿಗೆ, ಆಕೆಯ ಹೆಸರಿಗೆ.

"ನನ್ನ ಹೆಸರಲ್ಲಿ ಒಂದು ಒತ್ತು ಬಿಟ್ಟಿದೀಯ."

ನಾನು ತಿರುಗಿ ಪರದೆ ನೋಡಿದೆ. ಆ ಹೆಸರು ಅಲ್ಲಿ ಅಂಗೈ ಅಗಲಕ್ಕೆ ಇತ್ತು. ಅದರಲ್ಲಿ ಏನು ಇಲ್ಲ ಎಂಬುದು ನನಗೆ ಆಗಲೂ ಗೊತ್ತಾಗಲಿಲ್ಲ.

"ಇನ್ನೊಂದು ಪ್ರತಿ ತೆಗೆದುಕೊಡ್ತೀನಿ ಅಕ್ಕಾ, ಎಲ್ಲಿ ಅಂತ ಹೇಳಿ" ಎಂದೆ.

"ಬೇಡ" ಎಂದಳು. ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ಬಗ್ಗಿ, ಕೆಂಪು ಪೆನ್ನಿನಿಂದ ತನ್ನ ಹೆಸರಿಗೆ ತಾನೇ ಒತ್ತು ಹಾಕಿಕೊಂಡು, ಮಡಚಿ ಚೀಲಕ್ಕೆ ಸೇರಿಸಿ ಹೊರಟುಹೋದಳು.