ಇಳಿಸಿದ್ದನ್ನು ಎತ್ತುವ ಗುರುತು

ತಂಗಮಣಿಯ ಕೆಲಸಕ್ಕೆ ಹೆಸರಿರಲಿಲ್ಲ. ತಮಿಳು ಸೀಮೆಯ ಆರ್.ಎಸ್. ಪುರಂನ ಹತ್ತಿ ಸಂಶೋಧನಾ ಕಚೇರಿಯಲ್ಲಿ ಹದಿಮೂರು ವರ್ಷಗಳಿಂದ ಅವಳು ಗ್ರಾಫುಗಳ ಅಂಚಿನಲ್ಲಿ ಪುಟ್ಟ ಅಂಕೆಗಳನ್ನು ಬರೆಯುತ್ತಿದ್ದಳು. ಟೈಪ್ ಯಂತ್ರ ಗೊಬ್ಬರದ ರಾಸಾಯನಿಕ ಸೂತ್ರವನ್ನು P2O5 ಎಂದು ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿತ್ತು. ಅವಳು ಆ ಎರಡನ್ನೂ ಐದನ್ನೂ ಬ್ಲೇಡಿನಿಂದ ಕೆರೆದು, ಸಣ್ಣ ನಿಬ್ಬಿನಿಂದ ಸಾಲಿನ ಕೆಳಗೆ ಬರೆಯಬೇಕು. ಚದರ ಮೀಟರಿನ ಎರಡಾದರೆ ಸಾಲಿನ ಮೇಲೆ. ಗಾತ್ರ ಅಕ್ಷರದ ಮೂರರಲ್ಲಿ ಎರಡು ಪಾಲು. ಸ್ಕೇಲಿಟ್ಟು ನೋಡಿದವರಿದ್ದರು, ತಪ್ಪು ಹಿಡಿದವರಿರಲಿಲ್ಲ. ಆದರೂ ಅವಳ ಕೆಲಸ ತಾತ್ಕಾಲಿಕವೇ. ಪ್ರತಿ ಮಾರ್ಚಿನಲ್ಲೂ ಮುಂದಿನ ವರ್ಷದ ಆದೇಶಕ್ಕಾಗಿ ಬಾಗಿಲ ಬಳಿ ನಿಲ್ಲಬೇಕಿತ್ತು.

1987ರಲ್ಲಿ ಕಂಪ್ಯೂಟರ್ ಬಂತು. ವಿಭಾಗದ ಮುಖ್ಯಸ್ಥ ಸುಬ್ಬಯ್ಯನ್ ಅವರ ಮನೆಮಾತೂ ಅವಳದರಂತೆ ಕನ್ನಡ. ಕೆಲಸ ಬೇಕಾದಾಗ ಕನ್ನಡ, ಬೈಯುವಾಗ ತಮಿಳು.

"ಬಾಮ್ಮ ತಂಗಮಣಿ," ಎಂದರು ಅವರು. "ಈ ಮಿಷಿನ್ನು ಲಕ್ಷ ಲೆಕ್ಕ ಹಾಕ್ತದೆ, ಒಂದು ಎರಡನ್ನ ಮೇಲಕ್ಕೆತ್ತೋಕಾಗಲ್ಲ. ದಿಲ್ಲಿಗೆ ಹೋಗೋ ರಿಪೋರ್ಟ್‌ನಾಗೆ ಕೈಬರಹ ಇರಬಾರದಂತೆ. ನೀ ಸರಿಮಾಡು, ಮಾರ್ಚಿಗೆ ನಿನ್ನ ಪರ್ಮನೆಂಟ್ ಮಾಡಿಸ್ತೀನಿ. ನಮ್ಮ ಮಾತಾಡೋಳು ನೀನು."

ಅವಳು ನಿಘಂಟು ಪಕ್ಕಕ್ಕಿಟ್ಟುಕೊಂಡು ಪ್ರಿಂಟರಿನ ಪುಸ್ತಕವನ್ನು ಹನ್ನೊಂದು ದಿನ ಓದಿದಳು. ಅಂಕೆಯನ್ನು ಎತ್ತಲು ಒಂದು ಗುರುತು, ಇಳಿಸಲು ಇನ್ನೊಂದು. ಗ್ರಾಫಿನ ಅಂಚಿನ ಬರಹದಲ್ಲಿ ಇಳಿಸುವ ಗುರುತನ್ನು ಸೇರಿಸಿದಳು. ಎರಡು ಇಳಿಯಿತು. ಅದರ ಹಿಂದೆ O ಕೂಡ ಕುಗ್ಗಿ ಇಳಿಯಿತು, ಉಳಿದ ಸಾಲೆಲ್ಲ ಇಳಿಯಿತು.

"ಅಕ್ಕಾ, ನಿಮ್ಮ ಗ್ರಾಫು ಬಾವಿಗೆ ಬಿತ್ತು!" ಎಂದು ಹೊಸದಾಗಿ ಸೇರಿದ್ದ ಪದವೀಧರ ದೇವರಾಜನ್ ತಮಿಳಿನಲ್ಲಿ ಕೂಗಿದ. ಇಡೀ ಕೋಣೆ ನಕ್ಕಿತು. ಸುಬ್ಬಯ್ಯನ್ ಆ ಹಾಳೆಯನ್ನು ಗೋಡೆಗೆ ಅಂಟಿಸಿದರು.

ತುಡಿಯಲೂರಿನ ಮನೆಯಲ್ಲಿ ತಾಯಿ ಜಾನಕಿಯಮ್ಮ ಮಗ್ಗದ ಗುಂಡಿಯಲ್ಲಿ ಕೂತಿದ್ದರು. ಮಗಳ ಕತೆ ಕೇಳಿ ಲಾಳಿ ನಿಲ್ಲಿಸಿ, ಎಳೆಗಳನ್ನು ಇಳಿಸುವ ತುಳಿಹಲಗೆಯ ಮೇಲಿದ್ದ ಕಾಲು ತೋರಿಸಿದರು.

"ಕಾಲು ತುಳಿದ್ಯಲ್ಲ, ತೆಗೆದ್ಯಾ?"

"ಏನಮ್ಮಾ?"

"ತುಳಿದ ಕಾಲು ತೆಗೀದಿದ್ರೆ ಎಳೆ ತಾನಾಗಿ ವಾಪಸ್ ಬರ್ತದಾ? ಪೈತ್ಯಕಾರಿ, ಹುಚ್ಚಿ!"

ಮರುದಿನ ಅವಳು ಪುಸ್ತಕದ ಕೊನೆಯಲ್ಲಿ ಮೂರನೇ ಗುರುತನ್ನು ಕಂಡಳು. ಎತ್ತಿದ್ದನ್ನೂ ಇಳಿಸಿದ್ದನ್ನೂ ರದ್ದುಮಾಡಿ ಮತ್ತೆ ಸಾಲಿಗೆ ತರುವ ಗುರುತು. ಪ್ರತಿ ಪುಟ್ಟ ಅಂಕೆಯ ನಂತರ ಅದನ್ನು ಹಾಕಿದಳು. ಪ್ರಿಂಟರು ಕಿರುಗುಟ್ಟುತ್ತ P₂O₅ ಎಂದು ಬರೆಯಿತು.

ಸುಬ್ಬಯ್ಯನ್ ಭೂತಗನ್ನಡಿ ಹಿಡಿದು ನೋಡಿದರು. "ಭೇಷ್! ಒಂದೊಂದೂ ಬಿಡದಂಗೆ ಬರ್ದುಕೊಡಮ್ಮ."

ಅವಳು ಒಂಬತ್ತು ಹಂತಗಳಲ್ಲಿ ಬರೆದುಕೊಟ್ಟಳು. ಒಂಬತ್ತನೆಯದಕ್ಕೆ ಕೆಂಪು ಗೆರೆ ಎಳೆದಿದ್ದಳು: ತುಳಿದ ಕಾಲು ತೆಗೆಯುವುದು. ಗೋಡೆಯ ಹಾಳೆ ಮಾತ್ರ ಅಲ್ಲೇ ಇತ್ತು.

ಮಾರ್ಚಿನ ಕೊನೆಯ ವಾರ ಕರೆ ಬಂತು. ಅವಳು ಹೊಸ ಸೀರೆ ಉಟ್ಟು ಹೋಗಿದ್ದಳು. ಈ ಸಲ ಅವರು ಬಾಯಿ ತೆರೆದದ್ದು ತಮಿಳಿನಲ್ಲಿ.

"ಇನಿಮೇ ವರ ವೇಂಡಾಂ, ತಂಗಮಣಿ." ಇನ್ನು ಬರಬೇಕಾಗಿಲ್ಲ. ಪರ್ಮನೆಂಟ್ ಹುದ್ದೆಗೆ ಪದವಿ ಬೇಕಂತೆ. ಅದು ದೇವರಾಜನಿಗೆ ಆಗಿದೆ.

"ನಾ ಸರಿಮಾಡಿದ್ರೆ ಅಂತ ನೀವೇ ಅಂದಿದ್ರಿ, ಸಾರ್."

"ಸರಿಮಾಡಿಬಿಟ್ಟೆಯಲ್ಲ," ಎಂದು ಅವರು ನಗುತ್ತ ಕನ್ನಡಕ್ಕೆ ಹೊರಳಿದರು. "ಇನ್ನು ನಿನಗೇನು ಕೆಲಸ ಐತೆ ಇಲ್ಲಿ? ತಗೋ. ನಿನ್ನ ಕಾಗದದಾಗೇ ಆ ಗುರುತು ಮೊದಲು ದೇವರಾಜನ ಕೈಲಿ ಹಾಕ್ಸಿದ್ದು. ತಾರೀಕು ನೋಡು, ಎಷ್ಟು ಲಕ್ಷಣ!"

ಕೆಲಸ ಮುಗಿಯುವ ದಿನವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು. 31ರ ಭುಜದ ಮೇಲೆ st ಎಂಬ ಎರಡಕ್ಷರ ಚಿಕ್ಕದಾಗಿ ಕೂತಿದ್ದವು. ಮೂರರಲ್ಲಿ ಎರಡು ಪಾಲು.

ತಂಗಮಣಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆ ಎರಡಕ್ಷರದ ಮುಂದಿನ ತಿಂಗಳು, ವರ್ಷ, ಮುಕ್ತಾಯದ ಮಾತುಗಳ ಕೆಳಗೆ ಉಗುರು ಎಳೆಯುತ್ತ ಕೊನೆಯವರೆಗೂ ಹೋದಳು. ಎಲ್ಲವೂ ಸಾಲಿನಲ್ಲಿದ್ದವು. ದೇವರಾಜನ್ ಒಂಬತ್ತನೇ ಹಂತ ಮರೆತಿರಲಿಲ್ಲ.

"ಎತ್ತಿದ್ದು ಸರಿಯಾಗಿ ಇಳಿದದೆ, ಸಾರ್," ಎಂದಳು.